ಅರ್ಧ ಬಂದ ಓಲೆಯನ್ನು ಅಪ್ಪನ ಕೈಗೆ ಕೊಡಿ

ಪ್ರಶ್ನೆ: ನನಗೆ 27 ವರ್ಷ. ಅಪ್ಪ ಗೊರೂರಿನಲ್ಲಿ ನಲವತ್ತು ವರ್ಷದಿಂದ ಅಕ್ಕಸಾಲೆ ಕೆಲಸ ಮಾಡುತ್ತಿದ್ದಾರೆ. ಈಗ ಕಣ್ಣು ಮಂಜಾಗಿದೆ, ರಿಪೇರಿ ಬಿಟ್ಟರೆ ಬೇರೆ ಕೆಲಸ ಬರುವುದಿಲ್ಲ. ಬೆಂಗಳೂರಿನ ಕೆಲಸ ಬಿಟ್ಟು ಬಂದ ನಾನು, ಅಪ್ಪನಿಗೆ ಹೇಳದೆ ಚೀಟಿ ಎತ್ತಿ ರೆಸಿನ್ ಪ್ರಿಂಟರ್ ಮತ್ತು ಪುಟ್ಟ ಫರ್ನೇಸ್ ಕೊಂಡೆ. ಬೇಲೂರಿನ ಮದನಿಕೆಯ ಓಲೆಯನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಪ್ರಿಂಟ್ ತೆಗೆದು, ಅಡುಗೆಮನೆ ಪಕ್ಕದ ಕೋಣೆಯಲ್ಲಿ ಬೆಳ್ಳಿಯ ಎರಕ ಹೊಯ್ಯುತ್ತಿದ್ದೇನೆ. ನಾಲ್ಕು ಸಲವೂ ಕೆಟ್ಟಿತು. ಒಂದರಲ್ಲಿ ಅರ್ಧ ಓಲೆ ಮಾತ್ರ ಬಂತು, ಉಳಿದವುಗಳ ಮೈತುಂಬ ತೂತು. ಎಲ್ಲವನ್ನೂ ಬಿಸ್ಕತ್ತಿನ ಡಬ್ಬಿಗೆ ಹಾಕಿ ಮಂಚದಡಿ ಬಚ್ಚಿಟ್ಟಿದ್ದೇನೆ. ಅಪ್ಪ ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, ‘ಇದು ನಮ್ಮ ಕಸುಬಲ್ಲ ಕಣಮ್ಮ’ ಅಂದು ಹೊರಟುಹೋದರು. ಅವತ್ತಿನಿಂದ ಸರಿಯಾಗಿ ನಿದ್ದೆಯಿಲ್ಲ. ಬೆರಳುಗಳಲ್ಲಿ ತುರಿಕೆ ಬೇರೆ. ಮನೆಯಲ್ಲಿ ಅಣ್ಣನ ಮೂರು ವರ್ಷದ ಮಗು ಇದೆ. ಅಪ್ಪನ ಕಸುಬಿಗೆ ನಾನು ದ್ರೋಹ ಮಾಡುತ್ತಿದ್ದೇನಾ?
– ಹೆಸರು ಬೇಡ, ಗೊರೂರು

ಉತ್ತರ: ಬಿಸ್ಕತ್ತಿನ ಡಬ್ಬಿಯ ಮಾತು ಬಂದಾಗ ನಿಮ್ಮ ಪತ್ರವನ್ನು ಸ್ವಲ್ಪ ಹೊತ್ತು ಕೆಳಗಿಟ್ಟೆ. ಸೋತದ್ದಕ್ಕಿಂತ ಸೋಲನ್ನು ಒಬ್ಬರೇ ಬಚ್ಚಿಟ್ಟುಕೊಂಡು ಮಲಗುವುದು ಹೆಚ್ಚು ಆಯಾಸ ಕೊಡುತ್ತದೆ. ಬೇರೆ ಯಾರಾದರೂ ಬೈದಿದ್ದರೆ ಎರಡು ದಿನಕ್ಕೆ ಮರೆಯುತ್ತಿದ್ದಿರಿ. ಅಪ್ಪ ಒಂದೇ ಮಾತು ಹೇಳಿ, ಒಳಗೂ ಬಾರದೆ ತಿರುಗಿ ಹೋದರಲ್ಲ, ಅದು ಎದೆಯಲ್ಲಿ ಕೂತುಬಿಟ್ಟಿದೆ. ನೋವಾಗುವುದು ಸಹಜ. ಅವರ ಕೆಲಸದ ಮೇಲೆ ನಿಮಗೆ ಗೌರವ ಇಲ್ಲದಿದ್ದರೆ ಇಷ್ಟು ನೋವಾಗುತ್ತಲೂ ಇರಲಿಲ್ಲ.

ಈಗ ಅವರು ನಿಂತಿದ್ದ ಬಾಗಿಲಿನಿಂದ ಒಮ್ಮೆ ನೋಡಿ. ನಲವತ್ತು ವರ್ಷ ಕುಲುಮೆಯ ಮುಂದೆ ಕೂತವರು. ಕಣ್ಣು ಮಂಜಾಗಿದೆ. ಮಗಳ ಕೋಣೆಯಲ್ಲಿ ನೇರಳೆ ಬೆಳಕಿನ ಯಂತ್ರವೊಂದು ತಾನೇ ಓಲೆ ಬೆಳೆಸುತ್ತಿದೆ. ಅಲ್ಲಿ ಎಲ್ಲಿ ಕೈಯಿಡಬೇಕೋ ಅವರಿಗೆ ತಿಳಿಯಲಿಲ್ಲ. ‘ನಮ್ಮ ಕಸುಬಲ್ಲ’ ಎಂಬ ಮಾತಿನೊಳಗೆ ‘ಇಲ್ಲಿ ನನಗೆ ಕೆಲಸವಿಲ್ಲ’ ಎಂಬ ಸಂಕಟ ಇದ್ದಿರಬಹುದು. ಇದು ನನ್ನ ಊಹೆ. ಆದರೆ ನೀವು ಅದನ್ನು ‘ನೀನು ನನ್ನ ಮಗಳಲ್ಲ’ ಎಂದು ಕೇಳಿಸಿಕೊಂಡಿದ್ದೀರಿ, ಅಷ್ಟು ದೂರ ಅವರು ಹೇಳಿಯೇ ಇಲ್ಲ.

ಕಸುಬಿನ ಮಾತಿಗೇ ಬರೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೇಣದ ಎರಕದ ವಿವರವಿದೆ. ಮೇಣದಲ್ಲಿ ರೂಪ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಆ ಖಾಲಿ ಜಾಗಕ್ಕೆ ಲೋಹ ಹೊಯ್ಯಬೇಕು. ಮೇಣವನ್ನು ಮೊದಲೇ ತೂಗಿಟ್ಟು, ಬೆಳ್ಳಿಯಾದರೆ ಅದರ 12 ಪಾಲು ತೆಗೆದುಕೊಳ್ಳಬೇಕೆಂಬ ಲೆಕ್ಕವೂ ಅಲ್ಲಿದೆ. ನಿಮ್ಮ ರೆಸಿನ್ ಮೇಣಕ್ಕಿಂತ ತುಸು ಭಾರ, ಆದ್ದರಿಂದ ಒಂಬತ್ತೂವರೆ ಪಾಲಿನ ಸುತ್ತಮುತ್ತ ಸಾಕು, ಅದರ ಮೇಲೆ ಅಚ್ಚಿನ ಬಾಯಲ್ಲಿ ನಿಲ್ಲುವ ಲೋಹದ ಗುಂಡಿಗೆ ಇನ್ನಷ್ಟು. ಲೆಕ್ಕದ ರೀತಿ ಒಂದೇ. ನೀವು ಬದಲಿಸಿದ್ದು ಎರಡನ್ನು ಮಾತ್ರ: ಮೇಣದ ಬದಲು ರೆಸಿನ್, ಅಚ್ಚಿನ ಮಣ್ಣಿನ ಬದಲು ಪ್ಲಾಸ್ಟರ್. ಮೂಸೆ, ಬಿಳಿಗಾರ, ಬೆಂಕಿ, ಅರ, ಮೆರುಗು ಎಲ್ಲವೂ ಅಪ್ಪನ ಕೈಯಲ್ಲಿ ಪಳಗಿದ್ದೇ.

ಉತ್ತರ ಬರೆಯುವ ಮೊದಲು ಎರಕದ ಕೆಲಸ ಬಲ್ಲ ಒಬ್ಬರ ಜೊತೆ ಕೂತು ನಿಮ್ಮ ನಾಲ್ಕು ಸೋಲನ್ನೂ ವಿವರಿಸಿದೆ. ಅವರು ಮೊದಲು ಕೇಳಿದ್ದು, ‘ಎರಕಕ್ಕೆಂದೇ ಬರುವ ರೆಸಿನ್ನೋ, ಸಾದಾ ರೆಸಿನ್ನೋ?’ ಸಾದಾ ರೆಸಿನ್ ಉರಿದ ಮೇಲೂ ಬೂದಿ ಉಳಿಸುತ್ತದೆ, ಬಿಸಿಗೆ ಹಿಗ್ಗಿ ಪ್ಲಾಸ್ಟರನ್ನು ಬಿರಿಸುತ್ತದೆ. ಆ ಬೂದಿಯೇ ಬೆಳ್ಳಿಯಲ್ಲಿ ತೂತಾಗುತ್ತದೆ. ಸರಿಯಾದ ರೆಸಿನ್ನೇ ಆದರೂ ಆಲ್ಕೋಹಾಲಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಬೆಳಕಿನಲ್ಲಿ ಗಟ್ಟಿ ಮಾಡದಿದ್ದರೆ ಮೈ ಅಂಟಂಟಾಗಿ ಉಳಿದು ಪ್ಲಾಸ್ಟರ್ ಕೆಡುತ್ತದೆ. ಸುಡುವುದನ್ನು ಅವಸರ ಮಾಡದೆ ಹಂತಹಂತವಾಗಿ ಸುಮಾರು 730 ಡಿಗ್ರಿವರೆಗೆ ಏರಿಸಬೇಕು. ಅದಕ್ಕಿಂತ ಬಹಳ ಮೇಲೆ ಹೋದರೆ ಜಿಪ್ಸಂ ಪ್ಲಾಸ್ಟರೇ ಒಡೆಯತೊಡಗುತ್ತದೆ. ಅರ್ಧ ಓಲೆಯ ಮಾತು ಬಂದಾಗ ಅವರು ನಕ್ಕು, ‘ಲೋಹವೋ ಅಚ್ಚೋ ತಣ್ಣಗಿತ್ತು. ಬೆಳ್ಳಿ ಮೂಸೆಯಲ್ಲಿ ಕನ್ನಡಿ ಹಾಗೆ ಹೊರಳುವುದನ್ನು ನೋಡಿ ಹೊಯ್ಯಬೇಕು. ಅದನ್ನು ಬಾಯಲ್ಲಿ ಹೇಳಲಾಗದು, ಯಾರಾದರೂ ಪಕ್ಕದಲ್ಲಿ ನಿಂತು ತೋರಿಸಬೇಕು’ ಅಂದರು. ಹಾಗೆ ತೋರಿಸುವವರು ನಿಮ್ಮ ಮನೆಯಲ್ಲೇ ಇದ್ದಾರೆ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳಬೇಕು. ಅಡುಗೆಮನೆ ಪಕ್ಕದ ಆ ಕೋಣೆಯಲ್ಲಿ ಕೆಲಸವನ್ನು ಇವತ್ತೇ ನಿಲ್ಲಿಸಿ. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ಅಲರ್ಜಿ ತರುತ್ತದೆ. ಒಮ್ಮೆ ಅಂಟಿದ ಅಲರ್ಜಿ ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಿ ಚರ್ಮದ ವೈದ್ಯರಿಗೆ ಬೆರಳು ತೋರಿಸಿ, ರೆಸಿನ್ ಬಳಸುತ್ತೇನೆಂದು ಬಾಯಿಬಿಟ್ಟು ಹೇಳಿ. ಪ್ಲಾಸ್ಟರ್ ಪುಡಿಯಲ್ಲಿ ಸಿಲಿಕಾ ಇರುತ್ತದೆ, ಅದರ ದೂಳು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಹಾಳಾಗುತ್ತದೆ. ಮತ್ತೆ ಶುರುಮಾಡುವಾಗ ಹಿತ್ತಲ ಶೆಡ್ಡೋ, ಗಾಳಿಯಾಡುವ ಬೇರೆ ಜಾಗವೋ ಇರಲಿ. ನೈಟ್ರೈಲ್ ಕೈಗವಸು, ಎನ್95 ಮಾಸ್ಕ್, ಕನ್ನಡಕ ಇರಲಿ. ಕರಗಿದ ಲೋಹದ ಹತ್ತಿರ ನೀರಿನ ಹನಿಯೂ ಸುಳಿಯಬಾರದು, ಮಗುವಂತೂ ಸುಳಿಯಲೇಬಾರದು.

ಚೀಟಿ ದುಡ್ಡಿನ ವಿಷಯವನ್ನೂ ಅಪ್ಪನಿಗೆ ಹೇಳಿಬಿಡಿ. ಬೇರೆಯವರ ಬಾಯಿಂದ ತಿಳಿದರೆ ಯಂತ್ರಕ್ಕಿಂತ ಅದೇ ಅವರನ್ನು ಹೆಚ್ಚು ನೋಯಿಸುತ್ತದೆ. ಹೇಗೂ ಕೂತು ಮಾತಾಡಲೇಬೇಕಾದ ಇನ್ನೊಂದು ಸಂಗತಿಯಿದೆ: 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲೆಯೂ ಒಂದು. ತರಬೇತಿ, ಸಲಕರಣೆಗೆ 15,000 ರೂಪಾಯಿ, ಮೊದಲ ಕಂತಿನಲ್ಲಿ ಶೇ 5ರ ಬಡ್ಡಿಗೆ 1 ಲಕ್ಷದವರೆಗೆ ಸಾಲ ಅದರಲ್ಲಿದೆ. ಆದರೆ ಕುಟುಂಬಕ್ಕೆ ಒಬ್ಬರೇ ಅರ್ಹರು. ಅದು ಅಪ್ಪನ ಹೆಸರಿನಲ್ಲೋ ನಿಮ್ಮ ಹೆಸರಿನಲ್ಲೋ ಎಂದು ಇಬ್ಬರೂ ಸೇರಿ ತೀರ್ಮಾನಿಸಿ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಬೆರಳು ತೋರಿಸಲು ಹಾಸನಕ್ಕೆ ಹೋಗುವ ದಿನ ಅಪ್ಪನನ್ನೂ ಕರೆದುಕೊಂಡು ಹೋಗಿ ಕಣ್ಣು ತೋರಿಸಿ. ಪೊರೆ ಬಂದಿದ್ದರೆ ತೆಗೆಸಬಹುದು. ‘ನಮ್ಮ ಕಸುಬಲ್ಲ’ ಎಂಬ ಮಾತಿನಲ್ಲಿ ಆ ಮಂಜಿನ ಪಾಲೆಷ್ಟಿದೆಯೋ.

ನಿದ್ದೆ ಇನ್ನೂ ಎರಡು ವಾರ ಬಾರದಿದ್ದರೆ, ಬದುಕೇ ಬೇಡವೆನ್ನುವ ಯೋಚನೆ ಒಮ್ಮೆ ಬಂದರೂ, ಕಾಯಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮಗ್ಗದ ಮನೆಯ ಮಗನೋ ಕುಂಬಾರರ ಮಗಳೋ ಇದೇ ಸಂಕಟದಲ್ಲಿ ಇದನ್ನು ಓದುತ್ತಿದ್ದರೆ, ಈ ಸಂಖ್ಯೆ ನಿಮಗೂ ಸೇರಿದ್ದು.

ಡಬ್ಬಿಯಲ್ಲಿರುವುದನ್ನು ಕರಗಿಸಬೇಡಿ. ನೆಂಟರಿಲ್ಲದ ಒಂದು ಸಂಜೆ, ಅಪ್ಪ ಕಾಫಿ ಕುಡಿದು ಜಗುಲಿಯಲ್ಲಿ ಕೂತಿರುವಾಗ, ಅರ್ಧ ಬಂದ ಓಲೆಯನ್ನು ಅವರ ಅಂಗೈಯಲ್ಲಿಡಿ. ಕ್ಷಮೆ ಕೇಳುವುದು, ಯಂತ್ರದ ಪರ ವಾದಿಸುವುದು ಎರಡೂ ಬೇಡ. ‘ಅಪ್ಪಾ, ಬೆಳ್ಳಿ ಇಲ್ಲಿಗೇ ಯಾಕೆ ನಿಂತುಹೋಯ್ತು, ಸ್ವಲ್ಪ ನೋಡು’ ಅಂತಷ್ಟೇ ಕೇಳಿ. ಕಣ್ಣಿಗೆ ಕಾಣದಿದ್ದರೆ ಅವರು ಹೆಬ್ಬೆರಳಿನಿಂದ ಅಂಚನ್ನು ಸವರಿ ನೋಡುತ್ತಾರೆ. ಅಷ್ಟು ಹೊತ್ತು ನೀವು ಮಾತಾಡಬೇಡಿ.