ಕಂಪ್ಯೂಟರಿಗೂ ಗಾಳಿ ಬೇಕು



ಒಂದು ಏಪ್ರಿಲ್ ತಿಂಗಳಲ್ಲಿ ನಮ್ಮ ಒಕ್ಕೂಟವೊಂದರ ಕಂಪ್ಯೂಟರ್ ಮಧ್ಯಾಹ್ನದ ಹೊತ್ತು ತಾನಾಗಿಯೇ ಆಫ್ ಆಗತೊಡಗಿತು. ಬೆಳಿಗ್ಗೆ ಸರಿಯಾಗಿಯೇ ಇರುತ್ತಿತ್ತು. ಅದೇ ವಾರ ಒಬ್ಬ ಸದಸ್ಯೆ ಕಟ್ಟಿದ ಸಾಲದ ಕಂತು ಲೆಕ್ಕದಲ್ಲಿ ಕಾಣಲಿಲ್ಲ. "ದುಡ್ಡು ಕೊಟ್ಟಿದ್ದೀನಿ, ಎಲ್ಲಿ ಹೋಯ್ತು?" ಎಂದು ಆಕೆ ಸಭೆಯಲ್ಲಿ ಕೇಳಿದಾಗ ಲೆಕ್ಕ ಬರೆಯುವ ಹುಡುಗಿಯ ಕಣ್ಣಲ್ಲಿ ನೀರು ಬಂತು. ರಸೀದಿ ಪುಸ್ತಕ ತೆಗೆದು ನೋಡಿದ ಮೇಲೆ ವಿಷಯ ತಿಳಿಯಿತು. ಆ ಕಂತನ್ನು ಸೇವ್ ಮಾಡುವ ಮೊದಲೇ ಕಂಪ್ಯೂಟರ್ ನಿಂತುಹೋಗಿತ್ತು.

ಕೆಲವರು ವೈರಸ್ ಅಂದರು. ಕೆಲವರು ಉಳಿತಾಯದ ಹಣದಿಂದ ಹೊಸದು ತಗೊಳ್ಳೋಣ ಅಂದರು. ಪಕ್ಕದ ಮುಚ್ಚಳ ಬಿಚ್ಚಿಸಿ ನೋಡಿದರೆ ಒಳಗೆ ಕಂಬಳಿಯಂತೆ ಧೂಳು! ಹೊರಗೆ ಅಂದದ ಬಟ್ಟೆಯ ಕವಚ ಬೇರೆ. ಅದನ್ನು ಹೊಲಿಸಿ ಕೊಟ್ಟವಳು ನಾನೇ. ಕಂಪ್ಯೂಟರ್ ನಡೆಯುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ.

ಬಿಸಿ ಏಕೆ ಆಗುತ್ತದೆ?

ಕಂಪ್ಯೂಟರ್ ಬಳಸುವ ವಿದ್ಯುತ್ ಹೆಚ್ಚುಕಮ್ಮಿ ಎಲ್ಲವೂ ಕೊನೆಗೆ ಶಾಖವಾಗುತ್ತದೆ. ಒಳಗಿರುವ ಪ್ರೊಸೆಸರ್ ಬಹಳ ಬಿಸಿಯಾಗುತ್ತದೆ. ಬಿಸಿ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೀಸಣಿಗೆ ಬೀಸಿದರೆ ಬೇಗ ಆರುತ್ತದಲ್ವಾ? ಅದೇ ರೀತಿ ಪ್ರೊಸೆಸರಿನ ಮೇಲೆ ತೆಳು ಲೋಹದ ಪಟ್ಟಿಗಳಿರುವ ಹೀಟ್ ಸಿಂಕ್, ಅದಕ್ಕೊಂದು ಫ್ಯಾನ್ ಇರುತ್ತವೆ. ಪಟ್ಟಿಗಳ ನಡುವೆ ಧೂಳು ತುಂಬಿದರೆ ಗಾಳಿ ಹಾಯುವುದಿಲ್ಲ. ಆಗ ಮೊದಲು ಕೆಲಸ ನಿಧಾನವಾಗುತ್ತದೆ. ಬಿಸಿ 100 ಡಿಗ್ರಿಯ ಆಸುಪಾಸಿಗೆ ಬಂದರೆ ಸುಟ್ಟುಹೋಗದಿರಲೆಂದು ಯಂತ್ರ ತಾನೇ ಆಫ್ ಆಗುತ್ತದೆ.

ಫ್ಯಾನ್ ಬೀಸುವುದು ಕೋಣೆಯ ಗಾಳಿಯನ್ನೇ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಆದ್ದರಿಂದಲೇ ಬೆಳಿಗ್ಗೆ ನಡೆದದ್ದು ಮಧ್ಯಾಹ್ನ ನಿಲ್ಲುತ್ತದೆ.

ಖರ್ಚಿಲ್ಲದ ಉಪಾಯಗಳು

1. ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ದೂರ ಇಡಿ. ಬಾಗಿಲಿರುವ ಗೂಡಿನೊಳಗೆ, ಕಿಟಕಿಯ ಬಿಸಿಲಿಗೆ ಇಡಬೇಡಿ. ನೆಲದ ಮೇಲಿದ್ದರೆ ಕಸ ಗುಡಿಸಿದ ಧೂಳೆಲ್ಲ ಒಳಗೆ ಹೋಗುತ್ತದೆ. ಮೇಜಿನ ಮೇಲೆ ಅಥವಾ ಎತ್ತರದ ಹಲಗೆಯ ಮೇಲಿಡಿ.

2. ಕವಚವನ್ನು ಕಂಪ್ಯೂಟರ್ ಆಫ್ ಮಾಡಿ, ಆರಿದ ಮೇಲೆ ಮಾತ್ರ ಹಾಕಿ.

3. ಮೂರು ತಿಂಗಳಿಗೊಮ್ಮೆ ಧೂಳು ತೆಗೆಯಿರಿ. ಮೊದಲು ಶಟ್ ಡೌನ್ ಮಾಡಿ ಪ್ಲಗ್ ಕಿತ್ತುಬಿಡಿ. ಪೆಟ್ಟಿಗೆಯ ಲೋಹ ಮುಟ್ಟಿದ ಮೇಲೆ ಒಳಗೆ ಕೈ ಹಾಕಿ. ಮೆತ್ತನೆಯ ಒಣ ಪೇಂಟ್ ಬ್ರಶ್ ಸಾಕು. ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಒದ್ದೆ ಬಟ್ಟೆ ಬೇಡ, ಬಾಯಿಂದ ಊದುವುದೂ ಬೇಡ. ಗ್ಯಾರಂಟಿ ಇನ್ನೂ ಇದ್ದರೆ ಅಂಗಡಿಯವರನ್ನು ಕೇಳಿ ಬಿಚ್ಚಿ.

4. ಸ್ವಚ್ಛ ಮಾಡಿದ ಮೇಲೆ ಮುಚ್ಚಳ ಹಾಕಿ. ಸಾಮಾನ್ಯವಾಗಿ ಗಾಳಿ ಮುಂದಿನಿಂದ ಬಂದು ಹಿಂದಿನಿಂದ ಹೋಗುತ್ತದೆ. ತೆರೆದಿಟ್ಟರೆ ಧೂಳು, ಹಲ್ಲಿ, ಮಕ್ಕಳ ಕೈ ಎಲ್ಲ ಒಳಗೆ ಹೋಗಬಹುದು.

5. ಬೇಸಿಗೆಯಲ್ಲಿ ಹೆಚ್ಚಿನ ಕೆಲಸ ಬೆಳಿಗ್ಗೆಯೇ ಮುಗಿಸಿ. ಊಟಕ್ಕೆ ಹೋಗುವಾಗ ಆಫ್ ಮಾಡಿ. ಕರೆಂಟ್ ಬಿಲ್ಲೂ ಉಳಿಯುತ್ತದೆ.

ಎಚ್ಚರಿಕೆ! ಕರೆಂಟ್ ವೈರ್ ಸೇರುವ ಒಳಗಿನ ಡಬ್ಬಿಯನ್ನು, ಅಂದರೆ ಎಸ್.ಎಂ.ಪಿ.ಎಸ್. ಅನ್ನು, ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ.

ಇಷ್ಟಾದರೂ ಆಫ್ ಆಗುತ್ತಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ. ಪ್ರೊಸೆಸರ್ ಮತ್ತು ಹೀಟ್ ಸಿಂಕ್ ನಡುವಿನ ಪೇಸ್ಟ್ ವರ್ಷಗಳು ಕಳೆದಂತೆ ಒಣಗುತ್ತದೆ. ಅದನ್ನು ಒರೆಸಿ ಹೊಸದು ಹಾಕಬೇಕಾಗಬಹುದು. ಪೆಟ್ಟಿಗೆಯ ಹಿಂದೆ ಇನ್ನೊಂದು ಸಣ್ಣ ಫ್ಯಾನ್ ಕೂರಿಸಲೂಬಹುದು. ಹೊಸ ಕಂಪ್ಯೂಟರಿಗೆ ಹೋಲಿಸಿದರೆ ಇವೆಲ್ಲ ಚಿಲ್ಲರೆ ಖರ್ಚು.

ಆ ಒಕ್ಕೂಟದ ಕಂಪ್ಯೂಟರ್ ಧೂಳು ತೆಗೆದ ಮೇಲೆ ಮಧ್ಯಾಹ್ನವೂ ನಡೆಯಿತು. ಉಳಿತಾಯದ ಹಣ ಹಾಗೇ ಉಳಿಯಿತು. ಕಂತಿನ ಬಗ್ಗೆ ಕೇಳಿದ ಸದಸ್ಯೆಯೇ ಆ ಹುಡುಗಿಯ ಕೈ ಹಿಡಿದು "ತಪ್ಪು ತಿಳ್ಕೋಬೇಡಮ್ಮ" ಅಂದಳು. ಈಗ ಅಲ್ಲಿ ಪ್ರತಿ ನಮೂದಿಗೂ ಸೇವ್ ಮಾಡುತ್ತಾರೆ, ರಸೀದಿಯನ್ನು ತಪ್ಪದೆ ಬರೆಯುತ್ತಾರೆ.

ಸಂಘದಲ್ಲಿ ಚರ್ಚಿಸಿ

1. ನಮ್ಮ ಕಂಪ್ಯೂಟರ್ ಇಟ್ಟ ಜಾಗದಲ್ಲಿ ಗಾಳಿ ಆಡುತ್ತದೆಯೇ?
2. ಧೂಳು ತೆಗೆಯುವ ಜವಾಬ್ದಾರಿ ಯಾರದು? ಮುಂದಿನ ದಿನಾಂಕ ಯಾವುದು?
3. ಲೆಕ್ಕದಲ್ಲಿ ವ್ಯತ್ಯಾಸ ಬಂದಾಗ ನಾವು ಮೊದಲು ನೋಡುವುದು ರಸೀದಿಯನ್ನೋ, ಬರೆದವರ ಮುಖವನ್ನೋ?