ಚಾಪೆ ಸುತ್ತಿಟ್ಟ ಮೇಲೆ

ಸೂರ್ಯನಮಸ್ಕಾರ ಹನ್ನೆರಡಾಯಿತು, ಚಾಪೆ ಸುತ್ತಿ ಮೂಲೆಗಿಟ್ಟಿರಿ. ಇನ್ನೊಂದು ಹತ್ತು ನಿಮಿಷ ಅಲ್ಲೇ ಕೂತುಕೊಳ್ಳಿ. ಪತಂಜಲಿಯ ಯೋಗಸೂತ್ರಗಳು ಇನ್ನೂರರ ಒಳಗೇ ಇವೆ; ಅದರಲ್ಲಿ ಆಸನದ ಬಗ್ಗೆ ನೇರವಾಗಿ ಹೇಳುವುದು ಮೂರೇ ಮೂರು. ಉಳಿದದ್ದು ಬಹುತೇಕ ಮನಸ್ಸಿನ ಗೊಡವೆ. ಸ್ವಾಧ್ಯಾಯ, ಅಂದರೆ ಓದುತ್ತಾ ತನ್ನನ್ನೇ ನೋಡಿಕೊಳ್ಳುವುದು, ಅಲ್ಲಿನ ಐದು ನಿಯಮಗಳಲ್ಲೊಂದು. ದಿನಕ್ಕೊಂದು ಸೂತ್ರ ಸಾಕು, ಅರ್ಥಸಹಿತ ಓದಿ. ಆಮೇಲೆ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ: ಇವತ್ತು ಪಶ್ಚಿಮೋತ್ತಾನಾಸನದಲ್ಲಿ ಕೈ ಪಾದಕ್ಕೆ ಎಟುಕದಾಗ ಉಸಿರು ಬಿಗಿಹಿಡಿದೆನೆ? ಪಕ್ಕದವರ ಬೆನ್ನಿನತ್ತ ಕಣ್ಣು ಹೋಯಿತೆ? (ನನ್ನ ಕಣ್ಣಂತೂ ಹೋಗುತ್ತದೆ.) ಆ ಹೊಟ್ಟೆಕಿಚ್ಚೂ ಓದಬೇಕಾದ ಪಾಠವೇ. ಸಂಸ್ಕೃತ ಬಾರದೆಂದು ಅಂಜಬೇಡಿ. ಮೈಸೂರಿನಲ್ಲಿ ಯೋಗ ಕಲಿಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ಹೊರತಂದ ‘ಯೋಗ ಮಕರಂದ’ವನ್ನು ಬರೆದದ್ದು ಕನ್ನಡದಲ್ಲೇ.