ಮೀನಿನ ಸ್ವಭಾವ: ಒಂದು ಪ್ರಯೋಗ ಕಲಿಸಿದ ಪಾಠ

ಕೊಳದಲ್ಲಿ ಈಜುವ ಒಂದು ಜಾತಿಯ ಮೀನುಗಳೆಲ್ಲ ನಮ್ಮ ಕಣ್ಣಿಗೆ ಒಂದೇ ತೆರನಾಗಿ ತೋರುತ್ತವೆ. ಬಲೆ ಬಿದ್ದಾಗ ಅವೆಲ್ಲವೂ ಬೆದರುತ್ತವೆ, ನಿಜ. ಆದರೆ ಆ ಸಂಕಟವನ್ನು ಎಲ್ಲವೂ ಒಂದೇ ರೀತಿಯಲ್ಲಿ ಎದುರಿಸುತ್ತವೆಯೇ? ಇಲ್ಲವೆಂಬುದು ಪ್ರಯೋಗಗಳಿಂದ ಸಿದ್ಧವಾಗಿದೆ.

ಅಪಾಯದ ಅರಿವಾದೊಡನೆ ಮೀನಿನ ಮಿದುಳು ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ. ಆ ಗ್ರಂಥಿಯಿಂದ ಹೊರಟ ಹಾರ್ಮೋನು ರಕ್ತದ ಮೂಲಕ ಮೂತ್ರಪಿಂಡದ ಮುಂಭಾಗವನ್ನು ತಲುಪಿ, ಅಲ್ಲಿನ ಜೀವಕೋಶಗಳಿಂದ ಕಾರ್ಟಿಸಾಲ್ ಎಂಬ ಮತ್ತೊಂದು ಹಾರ್ಮೋನು ಸ್ರವಿಸುವಂತೆ ಮಾಡುತ್ತದೆ. ಮಾನವನಲ್ಲಿಯೂ ಇದೇ ಕಾರ್ಟಿಸಾಲ್ ಅಡ್ರಿನಲ್ ಗ್ರಂಥಿಯಿಂದ ಸ್ರವಿಸುತ್ತದೆ. ಅಲ್ಪಕಾಲದ ಮಟ್ಟಿಗೆ ಇದು ಉಪಕಾರಿ. ಬಹುಕಾಲ ಏರಿಯೇ ಉಳಿದರೆ ಬೆಳವಣಿಗೆಯನ್ನೂ ರೋಗನಿರೋಧಕ ಶಕ್ತಿಯನ್ನೂ ಕುಂದಿಸುತ್ತದೆ.

ಇಂಗ್ಲೆಂಡಿನ ವಿಂಡರ್‌ಮಿಯರ್‌ನಲ್ಲಿ ಪಾಟಿಂಜರ್ ಮತ್ತು ಕ್ಯಾರಿಕ್ ಎಂಬ ವಿಜ್ಞಾನಿಗಳು ರೈನ್‌ಬೋ ಟ್ರೌಟ್ ಮೀನುಗಳನ್ನು 3 ಗಂಟೆ ಇಕ್ಕಟ್ಟಾದ ಜಾಗದಲ್ಲಿರಿಸಿ, ಅವುಗಳ ರಕ್ತದಲ್ಲಿನ ಕಾರ್ಟಿಸಾಲನ್ನು ಅಳೆದರು. ಹೆಚ್ಚು ಏರಿದವುಗಳಿಂದ ಒಂದು ವಂಶವನ್ನೂ ಕಡಿಮೆ ಏರಿದವುಗಳಿಂದ ಇನ್ನೊಂದು ವಂಶವನ್ನೂ ಬೆಳೆಸಿದರು. ಮರಿಗಳಲ್ಲಿಯೂ ಅದೇ ಭೇದ ಕಂಡುಬಂದಿತು. ಈ ಫಲಿತಾಂಶವನ್ನು ಅವರು 1999ರಲ್ಲಿ ಪ್ರಕಟಿಸಿದರು.

ಮುಂದಿನ ಪರೀಕ್ಷೆಗಳಲ್ಲಿ ಕಡಿಮೆ ಕಾರ್ಟಿಸಾಲಿನ ಮೀನುಗಳು ಹೊಸ ತೊಟ್ಟಿಯಲ್ಲಿ ಬೇಗನೆ ಆಹಾರ ಸೇವಿಸಿದವು. ಸಮಗಾತ್ರದ ಎದುರಾಳಿಯೊಡನೆ ಕಾದಾಡಿ ಹೆಚ್ಚಿನ ಸಲ ಗೆದ್ದವು. ಹಾಗಾದರೆ ಇವೇ ಶ್ರೇಷ್ಠವೆ? ಅವಸರದ ತೀರ್ಮಾನ ಸಲ್ಲದು. ಆಹಾರದ ಸ್ಥಳವನ್ನು ಬದಲಿಸಿದಾಗ ಈ ಧೀರರು ರೂಢಿಗಂಟಿ ಹಳೆಯ ಸ್ಥಳಕ್ಕೇ ಹೋಗುತ್ತಿದ್ದರು; ಬದಲಾವಣೆಯನ್ನು ಬೇಗ ಗಮನಿಸಿದವು ಹೆಚ್ಚು ಕಾರ್ಟಿಸಾಲಿನ ಮೀನುಗಳೇ.

2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೂ ವಿಸ್ಮಯಕರ. ಎರಡೂ ವಂಶಗಳನ್ನು ನಾರ್ವೆಗೆ ಸಾಗಿಸಲಾಗಿತ್ತು. ಪ್ರಯಾಣದಲ್ಲಿ ಹೆಚ್ಚು ತೂಕ ಕಳೆದುಕೊಂಡ ಅಧಿಕ ಕಾರ್ಟಿಸಾಲಿನ ವಂಶವೇ ಅಲ್ಲಿ ಮೊದಲು ಆಹಾರಕ್ಕೆ ಬಾಯಿಟ್ಟಿತು, ಕಾದಾಟದಲ್ಲಿಯೂ ಮೇಲುಗೈ ಪಡೆಯಿತು. ಆದರೂ ಕಾರ್ಟಿಸಾಲಿನ ಭೇದ ಮೊದಲಿನಂತೆಯೇ ಇತ್ತು! ಹುಟ್ಟುಗುಣ ಉಳಿಯಿತು, ನಡತೆ ಬದಲಾಯಿತು. ಹಸಿವು ಇದಕ್ಕೆ ಕಾರಣವಿರಬಹುದೆಂದು ಸಂಶೋಧಕರು ಊಹಿಸಿದರು.

ಮೀನಿನ ಫಲಿತಾಂಶವನ್ನು ಮಕ್ಕಳಿಗೆ ನೇರವಾಗಿ ಅನ್ವಯಿಸಲಾಗದು. ಆದರೂ ಉಪಾಧ್ಯಾಯರಾದ ನಾವು ಯೋಚಿಸಬೇಕಾದ ಅಂಶವೊಂದು ಇಲ್ಲಿದೆ. ಪರೀಕ್ಷೆಯ ಕೊಠಡಿಯಲ್ಲಿ ಕೈ ನಡುಗುವ ವಿದ್ಯಾರ್ಥಿಯನ್ನು ಆ ಮೂರು ಗಂಟೆಗಳಿಂದಲೇ ಅಳೆದು ದುರ್ಬಲನೆಂದು ಕರೆಯುವುದು ಎಷ್ಟರಮಟ್ಟಿಗೆ ನ್ಯಾಯ? ಒಂದು ತೊಟ್ಟಿಯಲ್ಲಿ ಸೋತ ಮೀನು ಇನ್ನೊಂದರಲ್ಲಿ ಗೆದ್ದಿತೆಂಬುದನ್ನು ನಾವು ಮರೆಯಲಾಗದು.